ತೊಳೆದು ಕುಡಿದ ತಾಟು

ಮಲ್ಕಾಜ್‌ಗಿರಿ ಸ್ಟೇಷನ್ನಿನ ಹಿಂದಿನ ಓಣಿಯಲ್ಲಿ ನಿಂತು ಕನ್ನಡದವರ ಮನೆ ಯಾವುದು ಅಂತ ಕೇಳಿದರೆ ಯಾರೂ ಮನೆ ನಂಬರು ಹೇಳುವುದಿಲ್ಲ. ರೊಟ್ಟಿ ಬಡಿಯುವ ಸಪ್ಪಳ ಎಲ್ಲಿಂದ ಬರುತ್ತದೋ ಅದೇ ಅನ್ನುತ್ತಾರೆ. ಆ ಸಪ್ಪಳ ವಿಜಯಶ್ರೀಯದು. ಹುಮನಾಬಾದ ಕಡೆಯ ಹೆಣ್ಣುಮಗಳು. ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ಒಲೆ ಅವಳದೇ. ಸುತ್ತಲಿನ ನಮ್ಮ ಕಡೆ ಮಂದಿ, ರೈಲ್ವೆಯವರು, ಅಂಗಡಿಯವರು, ಅವಳ ರೊಟ್ಟಿ, ಶೇಂಗಾ ಹಿಂಡಿ ಅನ್ನುವ ಚಟ್ನಿಪುಡಿ, ಕೆಂಪು ಖಾರ ಮೊದಲೇ ಹೇಳಿಟ್ಟು ಒಯ್ಯುತ್ತಾರೆ. ಪಕ್ಕದ ಮನೆಯ ತೆಲುಗಿನವರು ಖಾರ ತಿನ್ನುವುದರಲ್ಲಿ ತಾವೇ ದೊಡ್ಡವರು ಅಂದುಕೊಂಡಿದ್ದರು. ಇವಳ ಹಿಂಡಿ ತಿಂದ ಮೇಲೆ ಆ ಮಾತು ಬಿಟ್ಟರು. ಇಂಥವಳಿಗೆ ಕೈರುಚಿಯ ಸೊಕ್ಕು ಒಂಚೂರು ಇತ್ತು ಅಂದರೆ ತಪ್ಪೇನು? ತಪ್ಪಿಲ್ಲ. ಆದರೆ ಆ ಸೊಕ್ಕು ಒಂದು ಮಧ್ಯಾಹ್ನ ಅವಳಿಂದ ಏನು ಮಾಡಿಸಿತು ಅನ್ನುವುದನ್ನು ಹೇಳದೆ ಬಿಡಲಿಕ್ಕಾಗುವುದಿಲ್ಲ.

ಮನೆಯಲ್ಲಿ ನಾಲ್ಕು ಮಂದಿ. ಗಂಡ ಮಹೇಶಕುಮಾರ ಬಾಲಾನಗರದ ಕಾರ್ಖಾನೆಯಲ್ಲಿ ನೌಕರ. ಮುಂಜಾನೆ ಬುತ್ತಿ ಕಟ್ಟಿಕೊಂಡು ಹೋದರೆ ಸಂಜೆ ಟ್ರಾಫಿಕ್ಕಿಗೆ ಬೈಯುತ್ತ ಬರುವವನು. ಮಗಳು ಕಾವ್ಯಾ, ಕಾಲೇಜು ಮತ್ತು ಮೊಬೈಲು. ಮತ್ತೆ ಅತ್ತೆ ಸುಂದರಾಬಾಯಿ, ಆಳಂದ ಕಡೆಯ ಹಳೆ ಜೀವ. ಗಂಡ ರೈಲ್ವೆಯಲ್ಲಿದ್ದವರು, ತೀರಿಕೊಂಡು ಬಹಳ ವರ್ಷವಾಯಿತು.

ಸುಂದರಾಬಾಯಿಯ ನೇಮ ನಿಷ್ಠೆ ಗಟ್ಟಿ. ಸ್ನಾನ ಮಾಡಿ, ಹಣೆಗೆ ವಿಭೂತಿ ಧರಿಸಿ, ಅಂಗೈ ಮೇಲೆ ಲಿಂಗ ಇಟ್ಟು ಪೂಜಿಸಿ, ತೀರ್ಥ ತೆಗೆದುಕೊಂಡು, ಚಿಟಿಕೆ ವಿಭೂತಿಯನ್ನು ನಾಲಿಗೆಗೆ ಇಟ್ಟುಕೊಳ್ಳುವ ತನಕ ಚಹಾ ಸಹ ಬಾಯಿಗೆ ಹೋಗುವುದಿಲ್ಲ. ಸಂಜೆಗೂ ಅದೇ. ಊಟ ಅಂದರೆ ಅವಳಿಗೆ ಊಟವಲ್ಲ, ಪ್ರಸಾದ. ತಾಟಿಗೆ ಬಿದ್ದದ್ದರಲ್ಲಿ ಒಂದು ಅಗುಳೂ ಉಳಿಯಬಾರದು. ಉಂಡಾದ ಮೇಲೆ ತಾಟಿಗೆ ನೀರು ಹಾಕಿ, ಬೆರಳಿನಿಂದ ಬಳಿದು ತೊಳೆದು, ಆ ನೀರನ್ನೂ ಕುಡಿದುಬಿಡುತ್ತಿದ್ದಳು. ಅವಳ ಅವ್ವ ಹಾಗೆ ಮಾಡುತ್ತಿದ್ದಳು, ಅವಳ ಅತ್ತೆಯೂ ಮಾಡುತ್ತಿದ್ದಳು. ಮದುವೆಯಾದ ಹೊಸದರಲ್ಲಿ ವಿಜಯಶ್ರೀ, "ಅತ್ತಿಯ ತಾಟು ತಿಕ್ಕೂ ಕೆಲಸನ ಇಲ್ಲ ನೋಡ್ರಿ ನನಗ," ಅಂತ ಗಂಡನ ಮುಂದೆ ನಗುತ್ತಿದ್ದಳು.

ಆ ವರ್ಷ ಶ್ರಾವಣದ ತಂಪಿಗೆ ಮುದುಕಿಗೆ ದಮ್ಮು ಜೋರಾಯಿತು. ಮಹೇಶಕುಮಾರ ಎದೆ ಡಾಕ್ಟರರಿಗೆ ತೋರಿಸಿಕೊಂಡು ಬಂದ. ಕೈಯಲ್ಲೊಂದು ಪಂಪು.

"ಇದನ್ನ ಬಾಯಾಗ ಇಟ್ಟು ಒತ್ತಿ, ಉಸರು ಒಳಗ ಎಳಕೋಬೇಕು ಯವ್ವ. ಮುಂಜಾನಿ ಒಮ್ಮಿ, ಸಂಜಿ ಒಮ್ಮಿ. ಆಮ್ಯಾಲ ನೀರು ತಗೊಂಡು ಬಾಯಿ ಮುಕ್ಕಳಿಸಬೇಕಂತ, ಮರೀಬ್ಯಾಡ."

"ಪೂಜಿ ಆದ ಮ್ಯಾಲ ಎಳಕೋತೀನಪ್ಪ. ಅದರಕಿಂತ ಮೊದಲ ಬಾಯಿಗೆ ಏನೂ ಬ್ಯಾಡ."

"ಯಾವಾಗರ ಎಳಕೋ, ತಪ್ಪಿಸಬ್ಯಾಡ ಅಷ್ಟ."

ಒಳಗೆ ವಿಜಯಶ್ರೀ ಕೇಳಿಸಿಕೊಂಡಳು, ರೊಟ್ಟಿ ತಿರುವಿ ಹಾಕಿದಳು. ಮಾತು ಅಲ್ಲಿಗೆ ಮುಗಿಯಿತು. ಪಂಪು ಕೆಲಸ ಮಾಡಿತು. ದಮ್ಮು ಇಳಿಯಿತು, ಮುದುಕಿ ರಾತ್ರಿ ನಿದ್ದೆ ಮಾಡಿದಳು, ಎಲ್ಲರಿಗೂ ಸಮಾಧಾನವಾಯಿತು. ದಿನಾ ಪೂಜೆಯಾದ ಮೇಲೆ ಪಂಪು ಎಳೆದುಕೊಂಡು, ಬಾಯಿಗೆ ನೀರು ಹಾಕಿ ಗಲ್ಲ ಉಬ್ಬಿಸಿ ಮುಕ್ಕಳಿಸುವುದನ್ನು ಮನೆಯವರೆಲ್ಲ ನೋಡುತ್ತಿದ್ದರು.

ಗಣೇಶನ ಹಬ್ಬ ಹತ್ತಿರ ಬಂದಾಗ ಮೊದಲ ಮಾತು ಬಂತು.

"ವಿಜಯಾ, ಇವತ್ತ ಪಲ್ಲೇಕ ಖಾರ ಒಂಚೂರು ಹೆಚ್ಚಾಗೇತೇನವ್ವ? ಬಾಯಿ ಉರಿಯಾಕತ್ತೈತಿ."

"ದಿನಾ ಹಾಕೂ ಅಷ್ಟ ಹಾಕೀನ್ರಿ ಅತ್ತಿ."

ಎರಡು ದಿನ ಬಿಟ್ಟು ಮತ್ತೆ ಅದೇ ಮಾತು. ವಿಜಯಶ್ರೀ ಖಾರ ಕಡಿಮೆ ಮಾಡಿದಳು. ಅವತ್ತು ಮಹೇಶಕುಮಾರ ಬುತ್ತಿ ವಾಪಸ್ ತಂದು, "ಇದೇನು, ದವಾಖಾನಿ ಊಟ ಮಾಡಿಯಲ್ಲ," ಅಂದ. ಅದೇ ಸಂಜೆ ಅತ್ತೆ ಮೂರನೇ ಸಲ ಬಾಯಿ ಉರಿ ಅಂದಳು. ವಿಜಯಶ್ರೀಗೆ ಸಿಟ್ಟು ನೆತ್ತಿಗೇರಿತು.

"ಓಣಿ ಮಂದಿಗೆಲ್ಲ ಹಿಡಸೂ ಅಡಗಿ ನಿಮಗೊಬ್ಬರಿಗೆ ಖಾರ ಹತ್ತತೈತೇನ್ರಿ? ಇಷ್ಟು ವರ್ಷ ಉಂಡ್ರಿ, ಈಗ ಉರಿ ಬಂತು? ನನ್ನ ಕೈ ಊಟ ಸಾಕಾಗಿದ್ರ ನೇರ ಹೇಳ್ರಿ, ಹಿಂಗ ಸುತ್ತ ಬಳಸಿ ಯಾಕ?"

ಸುಂದರಾಬಾಯಿ ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಇಲ್ಲವ್ವ, ಹಂಗಲ್ಲ," ಅಂದಳು. ಆಮೇಲೆ ಬಾಯಿ ಉರಿಯ ಮಾತೇ ಎತ್ತಲಿಲ್ಲ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಅಂತ ಹಿರಿಯರು ಅಂದಿದ್ದಾರೆ. ಮುದುಕಿ ಮಾತು ಬಲ್ಲವಳೇ, ಅದಕ್ಕೇ ಜಗಳ ಮಾಡಲಿಲ್ಲ. ರೋಗ ಮಾತ್ರ ಬಾಯೊಳಗೆ ಹಾಗೇ ಉಳಿಯಿತು.

ಬೇರೆ ಮನೆಯಾಗಿದ್ದರೆ ತಾಟಿನಲ್ಲಿ ಉಳಿದ ಅನ್ನ ನೋಡಿಯಾದರೂ ಯಾರಿಗಾದರೂ ತಿಳಿಯುತ್ತಿತ್ತು. ಇಲ್ಲಿ ತಾಟು ದಿನಾ ತೊಳೆದಿಟ್ಟ ಹಾಗೇ ಇರುತ್ತಿತ್ತು. ಬಡಿಸಿದ್ದನ್ನು ಬಿಡುವಂತಿಲ್ಲ, ಹಾಗಾಗಿ ಮುದುಕಿ ಬಡಿಸುವಾಗಲೇ ಸಾಕು ಅನ್ನತೊಡಗಿದಳು. ಎರಡು ರೊಟ್ಟಿ ಒಂದಾಯಿತು. ಒಂದು ಅರ್ಧವಾಯಿತು. ಆಮೇಲೆ ಹಾಲಿನಲ್ಲಿ ನೆನೆಸಿದ ರೊಟ್ಟಿಯ ಚೂರು. ಪಲ್ಯ ತಂದರೆ "ಬ್ಯಾಡವ್ವ", ಹಿಂಡಿ ತಂದರೆ "ನಾಳಿ ತಿಂತೀನಿ". ಉಣ್ಣುವಷ್ಟನ್ನು ಉಂಡು, ತಾಟು ತೊಳೆದು ಕುಡಿದು ಏಳುತ್ತಿದ್ದಳು. ವಿಜಯಶ್ರೀ ಲೆಕ್ಕ ಹಾಕಿದ್ದು ಒಂದೇ: ಅತ್ತೆಗೆ ನನ್ನ ಮೇಲೆ ಮುನಿಸು.

ಒಂದು ಸಂಜೆ ಕಾವ್ಯಾ ಅಜ್ಜಿಯ ಪಕ್ಕ ಕೂತು ಮೊಬೈಲಿನಲ್ಲಿ ಏನೋ ತೋರಿಸುತ್ತಿದ್ದಳು. ಮುದುಕಿ ನಕ್ಕಳು.

"ಆಯಿ, ನಿನ್ನ ನಾಲಿಗಿ ನೋಡು, ಪೂರಾ ಬೆಳ್ಳಗ ಐತಿ."

"ವಿಭೂತಿ ಇಟ್ಟುಕೊಂಡಿರ್ತಾರ, ಬೆಳ್ಳಗ ಇರದ ಏನು," ಅಂದಳು ವಿಜಯಶ್ರೀ, ಸೊಪ್ಪು ಸೋಸುತ್ತ.

"ಹ್ಞೂಂ, ವಿಭೂತಿನ ಇರಬೇಕು," ಅಂದಳು ಸುಂದರಾಬಾಯಿ. ಕನ್ನಡಿ ನೋಡುವ ರೂಢಿ ಅವಳಿಗೆ ಎಂದೂ ಇರಲಿಲ್ಲ.

ಮಹಾನವಮಿ ಹೊತ್ತಿಗೆ ಮುದುಕಿಯ ಕುಪ್ಪಸ ಸಡಿಲಾಗಿತ್ತು. ಆ ಭಾನುವಾರ ಮಹೇಶಕುಮಾರ ಅವ್ವನನ್ನು ಉಪ್ಪಲ್‌ನಲ್ಲಿದ್ದ ತಂಗಿ ಸುಭದ್ರಾಳ ಮನೆಗೆ ಕರೆದುಕೊಂಡು ಹೋಗಿ ಸಂಜೆ ವಾಪಸ್ ಬಂದ. ಅವರು ಮನೆ ಮುಟ್ಟುವಷ್ಟರಲ್ಲಿ ಸುಭದ್ರಾಳ ಫೋನು.

"ವೈನಿ, ಅವ್ವ ಹಿಂಗ್ಯಾಕ ಸೊರಗ್ಯಾಳ? ನಮ್ಮನ್ಯಾಗ ತಣ್ಣಗ ಮಸರನ್ನ ಮಾಡಿ ಕೊಟ್ಟೆ, ಎರಡು ಸಲ ಹಾಕಿಸಿಕೊಂಡು ಉಂಡ್ಲು ನೋಡ್ರಿ. ನಿಮ್ಮಲ್ಲಿ ಊಟ ಬಿಟ್ಟಾಳೇನು?"

"ನಮ್ಮಲ್ಲಿ ಯಾರೂ ಅವರ ಕೈ ಹಿಡಿದಿಲ್ಲ ಸುಭದ್ರಾ."

"ಹಂಗಲ್ಲ ವೈನಿ. ವಯಸ್ಸಾಗೈತಿ, ಒಂಚೂರು ಅಕ್ಕರ್ತಿಯಿಂದ ಕೊಟ್ರ ಉಣ್ತಾಳ ಅಂದೆ."

ಅಕ್ಕರ್ತಿ. ಆ ಮಾತು ವಿಜಯಶ್ರೀಯ ಎದೆಗೆ ಮುಳ್ಳು ಮುರಿದ ಹಾಗಾಯಿತು. ಗಂಡನಿಗೆ ಹೇಳಿದರೆ, "ಆಕಿ ಏನು ತಪ್ಪು ಅಂದ್ಲು? ಅವ್ವ ಅಲ್ಲಿ ಖರೇನ ಚಂದ ಉಂಡ್ಲು," ಅಂದು ಟಿವಿ ಕಡೆ ತಿರುಗಿದ. ಇಷ್ಟು ವರ್ಷ ಒಲೆ ಮುಂದೆ ಬೆಂದವಳಿಗೆ ಅಕ್ಕರ್ತಿ ಇಲ್ಲವಂತೆ. ಒಂದು ದಿನ ಮೊಸರು ಕಲಸಿದವಳಿಗೆ ಇದೆಯಂತೆ. ಅವಳಿಗೆ ಅಳು ಬಂತು, ಅಳಲಿಲ್ಲ. ಅತ್ತಿದ್ದರೆ ಎಷ್ಟೋ ಚಲೋ ಇತ್ತು.

ಮರುದಿನ ಮಧ್ಯಾಹ್ನ ಮನೆಯಲ್ಲಿ ಅತ್ತೆ ಸೊಸೆ ಇಬ್ಬರೇ. ವಿಜಯಶ್ರೀ ಪುಂಡಿಪಲ್ಯ ಮಾಡಿದಳು. ಪುಂಡಿ ಸೊಪ್ಪಿನ ಹುಳಿ, ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಮೇಲೆ ಒಗ್ಗರಣೆ. ಒಂದು ಕಾಲಕ್ಕೆ ಸುಂದರಾಬಾಯಿಗೆ ಪ್ರಾಣವಾಗಿದ್ದ ಪಲ್ಯ. ಬಿಸಿ ರೊಟ್ಟಿ ಎರಡು ತಾಟಿಗೆ ಹಾಕಿದಳು.

"ಅರ್ಧ ಸಾಕವ್ವ," ಅಂದಳು ಅತ್ತೆ.

ವಿಜಯಶ್ರೀ ಕೇಳಿಸಲಿಲ್ಲ ಅನ್ನುವ ಹಾಗೆ ಪಲ್ಯ ಸುರಿದಳು. ಒಂದು ಸೌಟು, ಇನ್ನೊಂದು ಸೌಟು. ಬದಿಗೆ ಹಿಂಡಿ, ಹಿಂಡಿಗೆ ಎಣ್ಣೆ.

"ವಿಜಯಾ, ಸಾಕು, ನನ್ನ ಕೈಲೆ ಆಗೂದಿಲ್ಲ."

"ಮಗಳ ಮನ್ಯಾಗ ಎರಡು ಸಲ ಹಾಕಿಸಿಕೊಳ್ಳಾಕ ಆಗತೈತಿ, ಇಲ್ಲಿ ಆಗೂದಿಲ್ಲೇನ್ರಿ? ತಾಟಿಗೆ ಬಿದ್ದದ್ದು ಪ್ರಸಾದ ಅಂತ ನೀವ ಹೇಳತೀರಿ. ಹಾಕೀನಿ. ಬಿಟ್ರ ಬಿಡ್ರಿ, ಉಂಡ್ರ ಉಣ್ರಿ."

ಬಿಡಲಾರಳು ಅಂತ ಗೊತ್ತಿದ್ದೇ ಆಡಿದ ಮಾತದು. ಗೊತ್ತಿಲ್ಲದೆ ಆಡಿದ್ದರೆ ದೇವರಾದರೂ ಕ್ಷಮಿಸಿಯಾನು.

ಸುಂದರಾಬಾಯಿ ತಾಟನ್ನು ನೋಡಿದಳು, ಸೊಸೆಯನ್ನು ನೋಡಿದಳು. ರೊಟ್ಟಿ ಮುರಿದು, ಪಲ್ಯದಲ್ಲಿ ಅದ್ದಿ, ಬಾಯಿಗಿಟ್ಟಳು. ಒಂದು ತುತ್ತು ನುಂಗಲಿಕ್ಕೆ ಎಷ್ಟೋ ಹೊತ್ತು. ಕಣ್ಣಿನಿಂದ ನೀರು ಇಳಿದು ಗದ್ದಕ್ಕೆ ಬಂತು. ಎಡಗೈಯಲ್ಲಿ ಒರೆಸಿಕೊಂಡು ಇನ್ನೊಂದು ತುತ್ತು. ವಿಜಯಶ್ರೀ ಬಾಗಿಲಿಗೆ ಒರಗಿ ನಿಂತು ನೋಡುತ್ತಿದ್ದಳು. 'ನಾಟಕ' ಅಂದುಕೊಂಡಳು. 'ಮಗ ಬಂದ ಕೂಡಲೇ ಹೇಳಲಿಕ್ಕೆ ಆಯಿತಲ್ಲ.' ಎರಡೂ ರೊಟ್ಟಿ ಮುಗಿದವು. ಪಲ್ಯ ಮುಗಿಯಿತು. ಹಿಂಡಿ ಮುಗಿಯಿತು. ಮುದುಕಿ ತಾಟಿಗೆ ನೀರು ಹಾಕಿದಳು, ಬೆರಳಿನಿಂದ ಬಳಿದು ತೊಳೆದಳು, ಆ ಕೆಂಪು ನೀರನ್ನು ಎತ್ತಿ ಕುಡಿದಳು. ಕುಡಿಯುವಾಗ ಎದೆ ಹಿಡಿದುಕೊಂಡಳು. ಗೋಡೆ ಹಿಡಿದು ಎದ್ದು ಹೋಗಿ ಮಲಗಿದಳು.

ಮಗ ಬಂದ ಮೇಲೆ ಏನೂ ಹೇಳಲಿಲ್ಲ.

ಅವತ್ತಿನಿಂದ ಅವಳಿಗೆ ನೀರೂ ಇಳಿಯಲಿಲ್ಲ. ಚಹಾ ಕೊಟ್ಟರೆ ಹಾಗೇ ಆರುತ್ತಿತ್ತು. ಗುರುವಾರ ಮುಂಜಾನೆ ಬಚ್ಚಲ ಬಾಗಿಲಲ್ಲಿ ಕಣ್ಣು ಕತ್ತಲೆ ಬಂದು ಕುಸಿದಳು. ಕಾವ್ಯಾ ಕೂಗಿದಳು. ಮಹೇಶಕುಮಾರ ಆಟೋ ತಂದ, ಮೂವರೂ ಸೇರಿ ಹತ್ತಿರದ ನರ್ಸಿಂಗ್ ಹೋಮಿಗೆ ಒಯ್ದರು.

ಡಾಕ್ಟರು ಸಣ್ಣ ವಯಸ್ಸಿನ ಹೆಂಗಸು, ತೆಲುಗಿನವಳು. ಸಲೈನು ಹಚ್ಚಿಸಿ, ಬಾಯಿ ತೆರೆಸಿ, ಬ್ಯಾಟರಿ ಬಿಟ್ಟಳು. ವಿಜಯಶ್ರೀ ಪಕ್ಕದಲ್ಲೇ ಇದ್ದಳು, ಬಗ್ಗಿ ನೋಡಿದಳು. ನಾಲಿಗೆ, ಗಲ್ಲದ ಒಳಗು, ಅಂಗುಳ, ಎಲ್ಲ ಕಡೆ ಕೆನೆಗಟ್ಟಿದ ಬಿಳಿ. ಡಾಕ್ಟರು ಕಟ್ಟಿಗೆಯ ಸಣ್ಣ ಪಟ್ಟಿಯಿಂದ ಒಂದು ಕಡೆ ಕೆರೆದಳು. ಬಿಳಿ ಎದ್ದು ಬಂತು, ಕೆಳಗೆ ಹಸಿ ಕೆಂಪು, ಒಂದು ಹನಿ ರಕ್ತ. ವಿಭೂತಿಯ ಕೆಳಗೆ ರಕ್ತ ಇರುವುದಿಲ್ಲ.

"ಕ್ಯಾಂಡಿಡಾ ಅಂತಾರೆ," ಅಂದಳು ಡಾಕ್ಟರು ತೆಲುಗಿನಲ್ಲಿ. "ಒಂಥರಾ ಬೂಷ್ಟು. ಹಳೆ ರೊಟ್ಟಿ ಮೇಲೆ ಬರುತ್ತದಲ್ಲ, ಅದರ ಜಾತಿ. ಎಲ್ಲರ ಬಾಯಲ್ಲೂ ಚೂರು ಇರುತ್ತದೆ, ಇವರಲ್ಲಿ ಬೆಳೆದುಬಿಟ್ಟಿದೆ. ಗಂಟಲ ಕೆಳಗೂ ಇಳಿದಿರಬೇಕು, ಅದಕ್ಕೇ ನುಂಗಲಿಕ್ಕೆ ಆಗುತ್ತಿಲ್ಲ. ಸಕ್ಕರೆಯೂ ಏರಿದೆ. ದಮ್ಮಿನ ಪಂಪು ಎಳೆದುಕೊಂಡ ಮೇಲೆ ಬಾಯಿ ತೊಳೆಯುತ್ತಾರಾ?"

"ತೊಳೀತಾರೆ ಮೇಡಂ, ದಿನಾ ಮುಕ್ಕಳಿಸ್ತಾರೆ," ಅಂದ ಮಹೇಶಕುಮಾರ.

"ಮುಕ್ಕಳಿಸಿ ಉಗುಳುತ್ತಾರಾ?"

ಮಹೇಶಕುಮಾರ ಅವ್ವನ ಕಡೆ ತಿರುಗಿದ. "ಯವ್ವ, ಪಂಪು ಎಳಕೊಂಡ ಮ್ಯಾಲ ಆ ನೀರು ಉಗಳತಿ ಹೌದಿಲ್ಲೋ?"

ಸುಂದರಾಬಾಯಿಯ ದನಿ ಬತ್ತಿತ್ತು. "ತೀರ್ಥ ತಗೊಂಡ ಬಾಯಪ್ಪ. ಉಗಳೂದು ಹ್ಯಾಂಗ? ನುಂಗತೀನಿ."

ಮಗ ತಲೆಗೆ ಕೈ ಹಚ್ಚಿಕೊಂಡ. ಪಂಪಿನ ಔಷಧ ಬಾಯಲ್ಲಿ ಅಂಟಿ ಉಳಿದರೆ ಈ ಬೂಷ್ಟಿಗೆ ಗೊಬ್ಬರ ಹಾಕಿದ ಹಾಗೆ, ಉಗುಳಲಿಕ್ಕೇ ಬೇಕು ಅಂತ ಡಾಕ್ಟರು ತಾಳ್ಮೆಯಿಂದ ಹೇಳಿದಳು. ಬೈಯಲಿಲ್ಲ. ಆಮೇಲೆ ಕೇಳಿದಳು, ಕೊನೆಗೆ ಸರಿಯಾಗಿ ಊಟ ಮಾಡಿದ್ದು ಯಾವಾಗ, ಏನು.

ಆ ಪ್ರಶ್ನೆ ಮುದುಕಿಗೆ ತಿಳಿಯಿತು. ಹಾಸಿಗೆಯ ಮೇಲಿಂದಲೇ ಸೊಸೆಯ ಕಡೆ ಕೈ ತೋರಿಸಿದಳು. "ಸೋಮವಾರ ನಮ್ಮ ಸೊಸಿ ಹೊಟ್ಟಿ ತುಂಬ ಉಣಿಸ್ಯಾಳ್ರಿ. ಎರಡು ರೊಟ್ಟಿ, ಪುಂಡಿಪಲ್ಯ. ಉಪಾಸ ಕೆಡವಿಲ್ಲ ಆಕಿ ನನಗ."

ಡಾಕ್ಟರು ಮಹೇಶಕುಮಾರನ ಮುಖ ನೋಡಿದಳು, ಅವನು ಪುಂಡಿಪಲ್ಯ ಅಂದರೆ ಗೋಂಗೂರ ಅಂತ ತೆಲುಗಿನಲ್ಲಿ ಹೇಳಿದ. "ಈ ಬಾಯಿಗೆ? ಗೋಂಗೂರ?" ಅಂದಳು ಅವಳು. "ಹಸಿ ಗಾಯಕ್ಕೆ ಖಾರ ಸವರಿದ ಹಾಗಲ್ಲವಾ. ಹೇಗೆ ತಿಂದರು ಇವರು?"

ವಿಜಯಶ್ರೀ ಹೊರಗೆ ಬಂದು ವರಾಂಡದ ಬೆಂಚಿನ ಮೇಲೆ ಕೂತಳು. ಅವಳ ಕಣ್ಣ ಮುಂದೆ ಬೇರೇನೂ ಇರಲಿಲ್ಲ, ತಾಟಿನ ಕೆಂಪು ನೀರು ಮತ್ತು ಅದನ್ನು ಎತ್ತಿ ಕುಡಿಯುತ್ತಿದ್ದ ಮುದುಕಿ. ಆಗ ಅಳು ಬಂತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಬೆಂಚಿನ ಮೇಲೆ ಕೂತ ಪರಮಂದಿ ನೋಡುತ್ತಿದ್ದರೂ ಅವಳು ಬಾಯಿಗೆ ಸೆರಗು ಹಚ್ಚಿ ಅತ್ತಳು.

ಸಂಜೆಗೆ ಸುಭದ್ರಾ ಬಂದಳು. "ನಾ ಅವತ್ತ ಹೇಳಿದ್ದೆ ವೈನಿ, ಅವ್ವ ಸೊರಗ್ಯಾಳ ಅಂತ. ನೀವು ಖಾರ ಬಿಡ್ಲಿಲ್ಲ."

"ಹೌದು. ಹೇಳಿದ್ದಿ," ಅಂದಳು ವಿಜಯಶ್ರೀ. ಜಗಳಕ್ಕೆ ಬಂದಿದ್ದ ಸುಭದ್ರಾ ಚೀಲ ಕೆಳಗಿಟ್ಟು ಅವ್ವನ ಹಾಸಿಗೆ ಕಡೆ ಹೋದಳು.

ನರ್ಸಿಂಗ್ ಹೋಮಿನಲ್ಲಿ ಇದ್ದಷ್ಟು ದಿನವೂ ವಿಜಯಶ್ರೀಯೇ ಇದ್ದಳು. ದಿನಾ ಒಂದು ಗುಳಿಗೆ, ಊಟದ ನಂತರ ಬಾಯಲ್ಲಿ ಹಿಡಿದು ತಿರುವುವ ಹಳದಿ ಔಷಧ, ಸಕ್ಕರೆಗೆ ಬೇರೆ. ಗಂಜಿ ಆರಿಸಿ, ಮಜ್ಜಿಗೆ ಸೇರಿಸಿ, ಚಮಚದ ತುದಿಯಲ್ಲಿ ಕೊಡುತ್ತಿದ್ದಳು. ರೊಟ್ಟಿಗೆ ಬಂದವರನ್ನು ಕಾವ್ಯಾ ಬಾಗಿಲಿನಿಂದಲೇ ಕಳಿಸಿದಳು. ಪಂಪಿನ ತೊಡಕನ್ನು ಬಿಡಿಸಿದ್ದೂ ವಿಜಯಶ್ರೀಯೇ.

"ಅತ್ತಿ, ಮುಂಜಾನಿ ಎದ್ದು ಹಲ್ಲು ತಿಕ್ಕತೀರಲ್ಲ, ಆ ನೀರು ಉಗಳತೀರೋ ಇಲ್ಲೋ?"

"ಅದನ್ನ ಉಗಳದ ಏನವ್ವ."

"ಹಂಗಾದ್ರ ಪಂಪು ಅದಕ್ಕೂ ಮೊದಲ ಎಳಕೊಳ್ರಿ. ಆಮ್ಯಾಲ ಹಲ್ಲು ತಿಕ್ಕಿ, ಮುಕ್ಕಳಿಸಿ, ಉಗಳಿ, ಜಳಕ ಮಾಡ್ರಿ. ಪೂಜಿ ಅದರ ಪಾಡಿಗೆ ಅದು. ಸಂಜಿಗೂ ಹಂಗ."

ಮುದುಕಿ ಪಂಪು, ಹಲ್ಲು, ಜಳಕ, ಪೂಜೆ ಅಂತ ಒಂದೊಂದೇ ಬೆರಳು ಮಡಚಿದಳು. "ಅದು ಆಗತೈತಿ ನೋಡು," ಅಂದಳು. ಇಷ್ಟು ಸುಲಭದ ಮಾತು. ಯಾರಾದರೂ ಒಂದು ಸಲ ಕೂತು ಕೇಳಿದ್ದರೆ ಶ್ರಾವಣದಲ್ಲೇ ಆಗುತ್ತಿತ್ತು.

ಅದೇ ಹೊತ್ತಿನಲ್ಲಿ ವಿಜಯಶ್ರೀ ಎದೆ ಗಟ್ಟಿ ಮಾಡಿಕೊಂಡು ಕೇಳಿದಳು. "ಅತ್ತಿ, ಇಷ್ಟು ಬ್ಯಾನಿ ಇತ್ತು, ನೀವು ಯಾಕ ಹೇಳಲಿಲ್ಲ್ರಿ?"

ಸುಂದರಾಬಾಯಿ ಸೊಸೆಯ ಮುಖ ನೋಡಲಿಲ್ಲ. ಸಲೈನಿನ ನಳಿಗೆ ನೋಡುತ್ತ, ಬೇಸರ ಇಲ್ಲದೆ, ಸಿಟ್ಟು ಇಲ್ಲದೆ ಅಂದಳು. "ಹೇಳಿದ್ದೆನವ್ವ."

ಮಹೇಶಕುಮಾರನೂ ತಪ್ಪಿತಸ್ಥನೇ. ಅವತ್ತು ರಾತ್ರಿ ನರ್ಸಿಂಗ್ ಹೋಮಿನ ವರಾಂಡದಲ್ಲಿ ಹೆಂಡತಿಗೆ, "ಆ ದಿನ ನೀನು ಬಲವಂತ ಮಾಡಿ ಹಾಕಿದೇನು?" ಅಂತ ಕೇಳಿದ. "ಹ್ಞೂಂ," ಅಂದಳು. ಅವನು ಬೈಯಬೇಕು ಅಂತ ಬಾಯಿ ತೆರೆದವನು, ಪಂಪು ಕೈಗೆ ಕೊಟ್ಟು ಮತ್ತೆ ವಿಚಾರಿಸದೆ, ಅವ್ವ ಸೊರಗಿದ ಮಾತು ಬಂದಾಗಲೂ ತಾನು ಟಿವಿ ಕಡೆ ತಿರುಗಿದ್ದು ನೆನಪಾಗಿ ಬೈಯದೆ ಬಿಟ್ಟ. ಇಬ್ಬರೂ ಉಣ್ಣದೆ ಮಲಗಿದರು.

ದೀಪಾವಳಿ ಕಳೆದ ಮೇಲೆ ಡಾಕ್ಟರು ಮತ್ತೆ ಬ್ಯಾಟರಿ ಬಿಟ್ಟು ನೋಡಿ, ಬಾಯಿ ಸ್ವಚ್ಛ ಆಗಿದೆ, ಇನ್ನು ಮೆತ್ತಗಿನದು ಏನಾದರೂ ಉಣ್ಣಲಿ ಅಂದಳು. ಓಣಿಯಲ್ಲಿ ಸುಂದರಾಬಾಯಿ ಎಲ್ಲರ ಮುಂದೆ ಹೇಳಿಕೊಂಡು ಬಂದಳು: "ನಮ್ಮ ಸೊಸಿ ನನ್ನ ಉಳಿಸಿದ್ಲು. ಹೆತ್ತ ಮಗಳು ಇಷ್ಟು ಮಾಡೂದಿಲ್ಲ." ಅದನ್ನು ಕೇಳುವುದು ವಿಜಯಶ್ರೀಗೆ ಬೈಗುಳಕ್ಕಿಂತ ಕಷ್ಟವಾಗುತ್ತಿತ್ತು.

ಮುಂದಿನ ಭಾನುವಾರ ಎಲ್ಲರೂ ಊಟಕ್ಕೆ ಕೂತರು, ಸುಭದ್ರಾಳೂ ಬಂದಿದ್ದಳು. ವಿಜಯಶ್ರೀ ಮಾಡಿದ್ದು ಮೆತ್ತಗಿನ ಅನ್ನ, ಖಾರ ಇಲ್ಲದ ಹೆಸರುಬೇಳೆ ತೊವ್ವೆ, ಮೇಲೆ ಮನೆಯಲ್ಲಿ ಕಾಸಿದ ತುಪ್ಪ. ಮುಂಜಾನೆಯಿಂದ ಯಾರೊಂದಿಗೂ ಮಾತಾಡದೆ ಮಾಡಿದ ಅಡುಗೆ. ನರ್ಸಿಂಗ್ ಹೋಮಿನಲ್ಲೂ ಆಮೇಲೆ ಮನೆಯಲ್ಲೂ ಬರೀ ಬಟ್ಟಲು, ಚಮಚ. ತಾಟು ಇಟ್ಟುಕೊಂಡು ಅತ್ತೆ ಕೂತದ್ದು ಆ ಸೋಮವಾರದ ನಂತರ ಇದೇ ಮೊದಲು. ವಿಜಯಶ್ರೀ ಅನ್ನದ ಪಾತ್ರೆ ಹಿಡಿದು ಮೊದಲು ಅವಳ ಹತ್ತಿರವೇ ಬಂದು ಸೌಟು ಎತ್ತಿದಳು.

ಸುಂದರಾಬಾಯಿಯ ಎರಡೂ ಕೈ ಹಾರಿ ಬಂದು ತಾಟನ್ನು ಮುಚ್ಚಿದವು. ಹೊಡೆಯಲಿಕ್ಕೆ ಕೈ ಎತ್ತಿದವರ ಮುಂದೆ ಮಕ್ಕಳು ಮುಖಕ್ಕೆ ಅಡ್ಡ ಹಿಡಿಯುತ್ತಾರಲ್ಲ, ಹಾಗೆ. ಅವಳು ಬೇಕಂತ ಮಾಡಿದ್ದಲ್ಲ. ಮಾತಿನ ನಡುವೆ ಇದ್ದಳು, ಮೊಮ್ಮಗಳ ಕಡೆ ನಗುತ್ತಿದ್ದಳು. ಕೈ ತಾನೇ ಬಂದಿತ್ತು. ಒಂದು ಕ್ಷಣ ಬಿಟ್ಟು ಅವಳಿಗೇ ಗೊತ್ತಾಯಿತು. ನಾಚಿ ಕೈ ಹಿಂದೆ ತೆಗೆದುಕೊಂಡಳು.

"ಹಾಕವ್ವ, ಹಾಕು. ಮುದುಕಿ ಕೈ, ಬುದ್ಧಿ ಇಲ್ಲ ಅದಕ್ಕ. ಬೇಕಾದಷ್ಟು ಹಾಕು."

ವಿಜಯಶ್ರೀಯ ಸೌಟು ಎತ್ತಿದಲ್ಲೇ ನಿಂತಿತ್ತು. ಕೆಳಗೆ ಇಳಿಯಲಿಲ್ಲ. ಅವಳು ಮೆಲ್ಲಗೆ ಕೂತು, ಪಾತ್ರೆಯನ್ನು ಅತ್ತೆಯ ಮುಂದೆ ನೆಲಕ್ಕಿಟ್ಟು, ಸೌಟಿನ ಹಿಡಿಕೆಯನ್ನು ಅವಳ ಕಡೆ ತಿರುಗಿಸಿದಳು.

"ನೀವ ಹಾಕೊಳ್ರಿ ಅತ್ತಿ. ನಿಮಗ ಎಷ್ಟು ಬೇಕೋ ಅಷ್ಟ."

ಈಗಲೂ ಆ ಮನೆಯಲ್ಲಿ ಹಾಗೇ ನಡೆದಿದೆ. ಗಂಡನಿಗೆ, ಮಗಳಿಗೆ, ಬಂದ ನೆಂಟರಿಗೆ ವಿಜಯಶ್ರೀ ಬಡಿಸುತ್ತಾಳೆ; ಅತ್ತೆಯ ಮುಂದೆ ಮಾತ್ರ ಪಾತ್ರೆ ತಂದಿಟ್ಟು, ಹಿಡಿಕೆ ತಿರುಗಿಸಿ, ಹಿಂದೆ ಸರಿದು ನಿಲ್ಲುತ್ತಾಳೆ. ಈ ವಯಸ್ಸಿನಲ್ಲೂ ತಾನೇ ಹಾಕಿಕೊಂಡು ಉಣ್ಣುತ್ತಾಳೆ, ಗಟ್ಟಿ ಮುದುಕಿ ಅಂತ ನೆಂಟರು ಮೆಚ್ಚುತ್ತಾರೆ. ಸುಂದರಾಬಾಯಿ ಒಂದು ಸೌಟು ಹಾಕಿಕೊಳ್ಳುತ್ತಾಳೆ. ಆಮೇಲೆ ಬಾಗಿಲಲ್ಲಿ ನಿಂತ ಸೊಸೆಯ ಮುಖ ನೋಡಿ, ಬೇಡದಿದ್ದರೂ ಇನ್ನರ್ಧ ಹಾಕಿಕೊಂಡು, "ನೋಡವ್ವ, ಇವತ್ತ ಎಷ್ಟು ಹಾಕ್ಕೊಂಡೆ," ಅನ್ನುತ್ತಾಳೆ.

"ಹ್ಞೂಂ ರಿ ಅತ್ತಿ," ಅಂದು ವಿಜಯಶ್ರೀ ಒಳಗೆ ಹೋಗುತ್ತಾಳೆ.